ಮಾಂಯ್ ಬಿಟ್ಟು ಹೋದ ಮಲ್ಲಿಗೆ ಲೆಕ್ಕ

ಮನೆಯ ಹಿರಿಯ ಜೀವ ಹೋದ ಮೇಲೆ ‘ಪುಣ್ಯಾತಗಿತ್ತಿ’ ಅಂತ ಕೈಮುಗಿದು ಸುಮ್ಮನಾಗುತ್ತೇವೆ. ಆದರೆ ಅವರ ಬದುಕು ನಮಗೆ ನಿಜಕ್ಕೂ ಗೊತ್ತಿತ್ತೇ?

ನಿಮ್ಮ ಅಮ್ಮನೋ ಅತ್ತೆಯೋ ಬೆಳಿಗ್ಗೆ ಎದ್ದು ದೇವರ ಮುಂದೆ ನಿಂತಾಗ ಯಾರ ಹೆಸರು ಹೇಳಿ ಬೇಡಿಕೊಳ್ಳುತ್ತಾರೆ? ಯಾವತ್ತಾದರೂ ಕೇಳಿದ್ದೀರಾ? ಇಲ್ಲ ಅಲ್ವಾ? ನಾನೂ ಕೇಳಿರಲಿಲ್ಲ. ಕುಕ್ಕರ್ ಕೂಗು, ಮಕ್ಕಳ ಟಿಫಿನ್ ಡಬ್ಬಿ, ಯಜಮಾನರ ಆಫೀಸಿನ ಗಡಿಬಿಡಿ. ಇದರ ನಡುವೆ ಮೂಲೆಯಲ್ಲಿ ಕೂತು ತುಟಿ ಅಲ್ಲಾಡಿಸುವ ಜೀವವೊಂದು ನಮಗೆ ಮನೆಯ ಗೋಡೆ ಗಡಿಯಾರದ ಹಾಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಅದು ನಿಂತಾಗಲೇ ಗೊತ್ತಾಗುವುದು.

ನನ್ನ ಅತ್ತೆ 2023ರಲ್ಲಿ ತೀರಿಕೊಂಡರು. ತೊಂಬತ್ತೆರಡು ವರ್ಷದ ತುಂಬು ಜೀವನ. ನಾವು ಕೊಂಕಣಿ ಮಾತಾಡುವ ಕ್ಯಾಥೊಲಿಕರು, ಹಾಗಾಗಿ ನನಗೆ ಅವರು ‘ಮಾಂಯ್’, ನನ್ನ ಮಕ್ಕಳಿಗೆ ‘ವ್ಹಡ್ಲಿಮಾಂಯ್’, ಅಂದರೆ ದೊಡ್ಡಮ್ಮನಲ್ಲ, ಅಜ್ಜಿ. ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ಅವರ ಮನೆ. ಹೆಸರು ಕೇಳಿದ ಕೂಡಲೇ ನಿಮಗೆ ಮಲ್ಲಿಗೆ ನೆನಪಾಗಿರಬೇಕು!

ಅಂತ್ಯಕ್ರಿಯೆ ದಿನ ಇಗರ್ಜಿ ತುಂಬಿತ್ತು. ಬಂದವರೆಲ್ಲ ಒಂದೇ ಮಾತು ಹೇಳಿದರು, “ಎಂಥಾ ಭಕ್ತೆ!” ನಿಜವೇ. ಒಂದು ಭಾನುವಾರವೂ ಪೂಜೆ ತಪ್ಪಿಸಿದವರಲ್ಲ. ಸಂಜೆ ಏಳು ಗಂಟೆಗೆ ‘ತೇರ್ಸ್’, ಅಂದರೆ ಜಪಸರ. ಅದು ಮುಗಿದ ಮೇಲೆ ಮಕ್ಕಳು ಮೊಮ್ಮಕ್ಕಳೆಲ್ಲ ಸಾಲಾಗಿ ಬಂದು ‘ಬೆಸಾಂವ್’, ಆಶೀರ್ವಾದ, ಕೇಳಲೇಬೇಕು. ಜಗಳ ಆಡಿಕೊಂಡವರೂ ಕೇಳಬೇಕು, ಅವರು ಕೊಡಲೇಬೇಕು. ಆಮೇಲೇ ಊಟ.

ಆದರೆ ನೋಡಿ, ‘ಭಕ್ತೆ’ ಅನ್ನುವ ಒಂದೇ ಮಾತಿನಲ್ಲಿ ತೊಂಬತ್ತೆರಡು ವರ್ಷ ಮುಗಿದುಹೋಯಿತು. ದೊಡ್ಡ ಮೊಮ್ಮಗಳಿಗೆ ನಾಲ್ಕು ಮಾತು ಆಡಲು ಹೇಳಿದ್ದರು. ಅವಳು ನನ್ನ ಕಿವಿಯಲ್ಲಿ ಕೇಳಿದಳು, “ಆಂಟಿ, ವ್ಹಡ್ಲಿಮಾಂಯ್ ಎಷ್ಟನೇ ಕ್ಲಾಸ್ ಓದಿದ್ರು?” ಇಪ್ಪತ್ತೈದು ವರ್ಷ ಸೊಸೆಯಾಗಿದ್ದ ನನಗೂ ಗೊತ್ತಿರಲಿಲ್ಲ!

ಸೂಟ್‌ಕೇಸಿನ ತಳದಲ್ಲಿ

ಮೂವತ್ತನೇ ದಿನದ ಪೂಜೆ ಮುಗಿಸಿ ನಾವು ಸೊಸೆಯಂದಿರು, ಹೆಣ್ಣುಮಕ್ಕಳು ಅವರ ಕೋಣೆ ಖಾಲಿ ಮಾಡಲು ಕೂತೆವು. ಸೀರೆಗಳ ಅಡಿಯಲ್ಲಿ ನೂಲಿನಿಂದ ಕಟ್ಟಿದ ಹಳೇ ನೋಟ್‌ಬುಕ್ಕುಗಳು ಸಿಕ್ಕಿದವು. ರದ್ದಿಗೆ ಹಾಕೋಣ ಅಂದರು ಒಬ್ಬರು. ಯಾಕೋ ಬಿಚ್ಚಿ ನೋಡಿದೆ. ಹೂವಿನ ಲೆಕ್ಕ.

ಮಲ್ಲಿಗೆ ಕೃಷಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಅದು ಹೆಚ್ಚಾಗಿ ಹೆಂಗಸರ ಕಸುಬು. ಅಂಗಳದಲ್ಲೋ ಮನೆಯ ಹಿಂದೆಯೋ ಗಿಡ. ಬೆಳಕು ಹರಿಯುವ ಹೊತ್ತಿಗೆ ಬಿರಿಯದ ಮೊಗ್ಗನ್ನು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲು ಏರುವ ಮುಂಚೆ ಏಜೆಂಟರ ಕೈಗೆ ಕೊಡಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು. ಮದುವೆ, ಜಾತ್ರೆ, ಭೂತಕೋಲ ಇದ್ದರೆ ಏರುತ್ತದೆ, ಇಲ್ಲದಿದ್ದರೆ ಪಾತಾಳ. ಮಳೆ ಹಿಡಿದರೆ ಹೂವೇ ಇಲ್ಲ. ಕ್ರೈಸ್ತ ಹೆಂಗಸು ಜಪ ಮಾಡುತ್ತಾ ಕಟ್ಟಿದ ಹೂವು ದೇವಸ್ಥಾನಕ್ಕೂ ಹೋಗುತ್ತದೆ, ದೈವದ ಮುಡಿಗೂ ಏರುತ್ತದೆ, ಮುಂಬೈಯ ಮದುಮಗಳ ಜಡೆಗೂ ಸೇರುತ್ತದೆ. ಎಷ್ಟು ಚಂದ ಅಲ್ಲವೇ?

ಮಾವ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. 1978ರಲ್ಲಿ ತೀರಿಕೊಂಡಾಗ ಮಾಂಯ್‌ಗೆ ನಲವತ್ತೇಳು ವರ್ಷ, ಮನೆಯಲ್ಲಿ ಏಳು ಮಕ್ಕಳು. ಫೀಸು, ಪುಸ್ತಕ, ಇಬ್ಬರು ಹೆಣ್ಣುಮಕ್ಕಳ ಮದುವೆ ಎಲ್ಲವೂ ಮೊಗ್ಗು ಮೊಗ್ಗಾಗಿ ಎಣಿಸಿದ ದುಡ್ಡಿನಿಂದಲೇ. ಇದೂ ನನಗೆ ಗೊತ್ತಾದದ್ದು ಆ ನೋಟ್‌ಬುಕ್ಕಿನಿಂದ. ‘ದೇವರು ನಡೆಸಿದ’ ಅಂತಷ್ಟೇ ಅವರು ಹೇಳುತ್ತಿದ್ದದ್ದು. ನಡೆಸಿದ್ದು ದೇವರಾದರೂ ನಡೆದದ್ದು ಅವರ ಕಾಲು, ಸವೆದದ್ದು ಅವರ ಬೆರಳು.

ಪ್ರತಿ ಪುಟದಲ್ಲೂ ತಾರೀಕು, ಚೆಂಡು ಎಷ್ಟು, ದರ ಎಷ್ಟು. ಕೊನೆಗೆ ಒಂದು ಹೆಸರು, ಕನ್ನಡ ಲಿಪಿಯ ಕೊಂಕಣಿಯಲ್ಲಿ. ಒಂದು ದಿನ ದೊಡ್ಡ ಮಗ, ಇನ್ನೊಂದು ದಿನ ಪಕ್ಕದ ಮನೆಯ ಶೆಟ್ಟರ ಹೆಂಡತಿ, ಮತ್ತೊಂದು ದಿನ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತ ಮೊಮ್ಮಗ. ಸಾಲಗಾರನೇನಾದರೂ ಇರಬಹುದಾ ಅಂದುಕೊಂಡೆವು. ಕೊನೇ ನಾದಿನಿಗೆ ಮಾತ್ರ ಗೊತ್ತಿತ್ತು. “ಹೂ ಕಟ್ಟುವಾಗ ಹೇಳುವ ತೇರ್ಸ್ ಆ ದಿನ ಯಾರಿಗಾಗಿ ಅಂತ ಬರೆದಿಡ್ತಿದ್ರು, ಯಾರೂ ಬಿಟ್ಟುಹೋಗಬಾರದಲ್ಲ” ಅಂದಳು.

2004ರ ಏಪ್ರಿಲ್ ಪುಟ ತಿರುಗಿಸಿದೆ. ಮೂವತ್ತಾರು ದಿನ ಒಂದೇ ಹೆಸರು, ‘ಬೆಂಗ್ಳುರ್ಚಿ ಸುನ್’. ಬೆಂಗಳೂರಿನ ಸೊಸೆ. ನಾನು.

ಆ ಏಪ್ರಿಲ್‌ನಲ್ಲಿ ನನಗೆ ಐದನೇ ತಿಂಗಳಲ್ಲಿ ಗರ್ಭ ಹೋಗಿತ್ತು. ಮಾಂಯ್ ಬಂದು ಎರಡು ದಿನ ಇದ್ದು, ಗಂಜಿ ಮಾಡಿಕೊಟ್ಟು ಹೊರಟುಹೋದರು. ಒಂದು ಸಮಾಧಾನದ ಮಾತೂ ಆಡಲಿಲ್ಲ. ‘ಕಲ್ಲು ಮನಸ್ಸು’ ಅಂದುಕೊಂಡೆ. ವರ್ಷಗಟ್ಟಲೆ ಅದೇ ಸಿಟ್ಟು ಒಳಗೆ ಇಟ್ಟುಕೊಂಡೆ. ಬೆಸಾಂವ್ ಕೇಳುವಾಗಲೂ ಮುಖ ನೋಡುತ್ತಿರಲಿಲ್ಲ. ಮಾತು ಬಾರದ ಆ ಜೀವ ಮೂವತ್ತಾರು ದಿನ ನನಗಾಗಿ ಮಣಿ ಎಣಿಸಿತ್ತು ಅಂತ ತಿಳಿಯಲು ಹತ್ತೊಂಬತ್ತು ವರ್ಷ ಬೇಕಾಯಿತು. ಆಗ ಅವರೇ ಇರಲಿಲ್ಲ. ಒಂದು ಮಾತು ಆಡಿದ್ದರೆ ನನ್ನ ನೋವು ಕಡಿಮೆಯಾಗುತ್ತಿತ್ತು, ಅದು ನಿಜ. ಆದರೆ ಒಂದು ಮಾತು ಕೇಳಲು ನನಗೂ ಆಗುತ್ತಿತ್ತಲ್ಲ?

ಅವರು ಕಂಡ ಕಾಲ

ಹಿರಿಯರ ಭಕ್ತಿಯನ್ನು ನಾವು ಹಳೇ ಕಾಲದ್ದು ಅಂದು ಪಕ್ಕಕ್ಕಿಡುತ್ತೇವೆ. ಆದರೆ ಅವರು ಎಷ್ಟು ಬದಲಾವಣೆಗೆ ಹೊಂದಿಕೊಂಡರು ನೋಡಿ. 1931ರಲ್ಲಿ ಹುಟ್ಟಿದ ಮಾಂಯ್ ಮೂವತ್ತು ದಾಟುವವರೆಗೆ ಕೇಳಿದ್ದು ಲ್ಯಾಟಿನ್ ಪೂಜೆ. ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಪೂಜೆ ನಡೆಯುವಾಗಲೂ ಜಪಸರ ಹೇಳುತ್ತಿದ್ದರಂತೆ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನರ ಮಾತಿಗೆ ಬಂತು. 2002ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಜಪಸರಕ್ಕೆ ಐದು ಹೊಸ ರಹಸ್ಯಗಳನ್ನು ಸೇರಿಸಿದಾಗ ಎಪ್ಪತ್ತೊಂದರ ಹರೆಯದಲ್ಲಿ ಅದನ್ನೂ ಬಾಯಿಪಾಠ ಮಾಡಿದರು. ನಾವೋ, ಹೊಸ ಮೊಬೈಲ್ ಕಲಿಯಲೂ ಗೊಣಗುತ್ತೇವೆ!

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಅವರಿಗೆ ವರ್ಷದ ದೊಡ್ಡ ಹಬ್ಬ. ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ಮೊಮ್ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ ಕೊಟ್ಟು ಇಗರ್ಜಿಗೆ ಕಳಿಸುತ್ತಿದ್ದರು. ಹಬ್ಬದ ದಿನ ಗುರುಗಳು ಆಶೀರ್ವದಿಸಿ ಕೊಟ್ಟ ತೆನೆಯ ಕಾಳು ಸುಲಿದು, ಹಾಲಿನಲ್ಲಿ ಬೆರೆಸಿ, ಎಲ್ಲರಿಗೂ ಹಂಚಿ, ಬಾಳೆ ಎಲೆಯಲ್ಲಿ ತರಕಾರಿ ಊಟ. ಬರಲಾಗದ ಮಕ್ಕಳಿಗೆ ಕಾಗದದಲ್ಲಿ ಮಡಿಸಿ ಎರಡು ಕಾಳು ಅಂಚೆಯಲ್ಲಿ ಬರುತ್ತಿತ್ತು. ಎಷ್ಟೋ ಸಲ ನಾನು ಆ ಲಕೋಟೆಯನ್ನು ಬಿಚ್ಚದೆ ಫ್ರಿಜ್ಜಿನ ಮೇಲೆ ಇಟ್ಟಿದ್ದುಂಟು.

ನೀವು ಇಷ್ಟು ಮಾಡಿ

ನಿಮ್ಮ ದೇವರು ಯಾರೇ ಇರಲಿ, ಮನೆಯಲ್ಲಿ ಹಿರಿಯರಿದ್ದರೆ ಇದು ನಿಮಗೂ ಅನ್ವಯಿಸುತ್ತದೆ.

* ಒಟ್ಟಿಗೆ ಹತ್ತು ಪ್ರಶ್ನೆ ಕೇಳಬೇಡಿ, ಪೊಲೀಸ್ ವಿಚಾರಣೆ ಥರ ಆಗುತ್ತದೆ. ಸೊಪ್ಪು ಬಿಡಿಸುವಾಗ, ಹೂ ಕಟ್ಟುವಾಗ ಒಂದೊಂದೇ ಕೇಳಿ. ಕೈಗೆ ಕೆಲಸ ಇದ್ದಾಗ ಮಾತು ತಾನಾಗಿ ಬರುತ್ತದೆ.

* “ಇವತ್ತು ಯಾರಿಗಾಗಿ ಬೇಡಿಕೊಂಡಿರಿ?” ಈ ಒಂದು ಪ್ರಶ್ನೆ ಸಾಕು, ಅವರ ಮನಸ್ಸಿನ ಬಾಗಿಲು ತೆರೆಯುತ್ತದೆ.

* ಅವರ ಅಡುಗೆಯನ್ನು ಅವರ ಅಳತೆಯಲ್ಲೇ ಬರೆದುಕೊಳ್ಳಿ. ಸೇರು, ಕುಡ್ತೆ, ಹಿಡಿ ಅಂದರೆ ಹಾಗೇ ಬರೆಯಿರಿ. ನಂತರ ಆ ಹಿಡಿ ಅಕ್ಕಿಯನ್ನು ನಿಮ್ಮ ಲೋಟದಲ್ಲಿ ಅಳೆದು ಪಕ್ಕದಲ್ಲಿ ಗುರುತು ಹಾಕಿ.

* ಮೊಬೈಲಿನಲ್ಲಿ ಅವರ ಫೋಟೋ ನೂರಿರುತ್ತದೆ, ದನಿ ಇರುವುದಿಲ್ಲ. ಅವರಿಗೆ ಹೇಳಿಯೇ ಒಂದು ಪ್ರಾರ್ಥನೆ, ಒಂದು ಕಥೆ ರೆಕಾರ್ಡ್ ಮಾಡಿ. ಇನ್ನೊಬ್ಬರ ಫೋನಿಗೂ ಕಳಿಸಿಡಿ.

* ಹಳೇ ಫೋಟೋ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು ಬರೆಯಿಸಿ. ಪೆನ್ನಿನ ಶಾಯಿ ಮುಂದಕ್ಕೆ ಹರಡುತ್ತದೆ.

* ತೀರಿಕೊಂಡ ತಕ್ಷಣ ಕೋಣೆ ಖಾಲಿ ಮಾಡಬೇಡಿ. ಕಾಗದ, ಪುಸ್ತಕ ಯಾವುದನ್ನೂ ಓದದೆ ರದ್ದಿಗೆ ಹಾಕಬೇಡಿ.

* ಕೊನೆಯವರೆಗೆ ಮಲ ಮೂತ್ರ ತೆಗೆದು ನೋಡಿಕೊಂಡವಳು ಯಾರೋ, ಅವಳಿಗೆ ಎಲ್ಲರೆದುರು ಒಂದು ಥ್ಯಾಂಕ್ಸ್ ಹೇಳಿ. ನಮ್ಮ ಮನೆಯಲ್ಲಿ ಅದು ಕೊನೇ ನಾದಿನಿ. ಅಂತ್ಯಕ್ರಿಯೆ ದಿನ ಅವಳ ಹೆಸರನ್ನು ಯಾರೂ ಎತ್ತಲಿಲ್ಲ.

ಕ್ಯಾಥೊಲಿಕರಿಗೆ ಜುಲೈ 26 ಮರಿಯಮ್ಮನವರ ತಂದೆತಾಯಿ ಜೋಕಿಂ, ಅನ್ನಮ್ಮನವರ ಹಬ್ಬ. ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈನ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರಿಗೂ ಹಿರಿಯರಿಗೂ ಮೀಸಲಿಟ್ಟರು. ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದು ಇದ್ದೇ ಇದೆ. ಸತ್ತ ಮೇಲಿನ ನವೆಂಬರ್ ಯಾರಿಗೂ ತಪ್ಪುವುದಿಲ್ಲ. ಬದುಕಿರುವಾಗಿನ ಜುಲೈಯನ್ನು ನಾವು ತಪ್ಪಿಸದಿದ್ದರೆ ಸಾಕು.

ಅಂದ ಹಾಗೆ, ಮಾಂಯ್ ಓದಿದ್ದು ನಾಲ್ಕನೇ ಕ್ಲಾಸು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಅವರೇ ಬರೆದಿಟ್ಟಿದ್ದರು. ಈಗ ನಮ್ಮ ಬೆಂಗಳೂರಿನ ಬಾಲ್ಕನಿಯಲ್ಲಿ ಅವರ ಅಂಗಳದ ಒಂದು ಮಲ್ಲಿಗೆ ಗಿಡ ಇದೆ. ದಿನಕ್ಕೆ ಹತ್ತು ಮೊಗ್ಗು ಬಿಟ್ಟರೆ ಹೆಚ್ಚು. ಕೊಯ್ಯುವಾಗ ನಾನೂ ಒಂದು ಹೆಸರು ಹೇಳುತ್ತೇನೆ. ನಿಮ್ಮ ಮನೆಯ ಹಿರಿಯರು ಇವತ್ತು ಯಾರ ಹೆಸರು ಹೇಳಿದರು? ಸಂಜೆ ಕಾಫಿ ಕೊಡುವಾಗ ಕೇಳಿಬಿಡಿ, ಆಯ್ತಾ?