ಇಲಿಯ ರಕ್ತದಲ್ಲೊಂದು ಕೋಡುಬಳೆ



ಪ್ರಯೋಗಾಲಯದ ಪುಟ್ಟ ಬಿಳಿ ಇಲಿಯ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 2 ಮಿಲಿಲೀಟರ್ ಮಾತ್ರ. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ, ಒಣಗಿಸಿ, ಬಣ್ಣ ಹಾಕಿ ಬಿಳಿ ರಕ್ತಕಣಗಳನ್ನು ಎಣಿಸುತ್ತಾರೆ. ಹೊಸ ಔಷಧಿಯೊಂದು ಇಲಿಯ ಮೇಲೆ ಏನು ಪರಿಣಾಮ ಮಾಡಿತು ಎಂಬುದಕ್ಕೆ ಈ ಎಣಿಕೆಯೂ ಒಂದು ಸಾಕ್ಷಿ. ಕಣದ ಗುರುತು ತಪ್ಪಿದರೆ ಔಷಧಿಯ ಬಗೆಗಿನ ತೀರ್ಮಾನವೂ ತಪ್ಪುತ್ತದೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ?

ಬಿಳಿ ರಕ್ತಕಣಕ್ಕೆ ಸ್ವಂತ ಬಣ್ಣವಿಲ್ಲ. 1879ರ ಸುಮಾರಿಗೆ ಜರ್ಮನಿಯ ಪಾಲ್ ಎರ್ಲಿಕ್ ಕೃತಕ ಬಣ್ಣಗಳ ನೆರವಿನಿಂದ ಅವುಗಳಲ್ಲಿನ ಬಗೆಗಳನ್ನು ಬೇರ್ಪಡಿಸಿ ತೋರಿಸಿದರು. 1901ರಲ್ಲಿ ವಿಲಿಯಂ ಲೀಷ್‌ಮನ್ ಪ್ರಕಟಿಸಿದ ಬಣ್ಣ ನಮ್ಮ ದೇಶದಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದು ಕೋಶಕೇಂದ್ರವನ್ನು ನೇರಳೆಯಾಗಿಸುತ್ತದೆ. ಆಗ ಕೇಂದ್ರದ ಆಕಾರ ಸ್ಪಷ್ಟವಾಗುತ್ತದೆ.

ಮನುಷ್ಯನ ರಕ್ತದ ಪಾಠ ನಿಮಗೆ ಗೊತ್ತೇ ಇದೆ. ಲಿಂಫೊಸೈಟಿನ ಕೇಂದ್ರ ದುಂಡಗೆ, ಕಣವನ್ನು ಬಹುಮಟ್ಟಿಗೆ ತುಂಬಿಕೊಂಡಿರುತ್ತದೆ. ಮಾನೊಸೈಟಿನದು ಅವರೆಕಾಳಿನಂತೆ ಬಾಗಿದೆ. ನ್ಯೂಟ್ರೊಫಿಲ್‌ನ ಕೇಂದ್ರ ದಾರದಲ್ಲಿ ಪೋಣಿಸಿದ ಮಣಿಗಳಂತೆ ಮೂರು ನಾಲ್ಕು ಹಾಲೆಗಳಾಗಿರುತ್ತದೆ. ಇಯೊಸಿನೊಫಿಲ್‌ನಲ್ಲಿ ಸಾಮಾನ್ಯವಾಗಿ ಎರಡೇ ಹಾಲೆ.

ಇದೇ ಪಾಠ ಹಿಡಿದು ಇಲಿಯ ರಕ್ತ ನೋಡಿದರೆ ಮೊದಲ ನೋಟಕ್ಕೇ ಗಾಬರಿಯಾದೀತು! ಮನುಷ್ಯನಲ್ಲಿ ನೂರು ಬಿಳಿಕಣಗಳಲ್ಲಿ 50ರಿಂದ 70 ನ್ಯೂಟ್ರೊಫಿಲ್‌ಗಳು. ಆರೋಗ್ಯವಂತ ಇಲಿಯಲ್ಲಿ ಸುಮಾರು 70ರಿಂದ 80 ಲಿಂಫೊಸೈಟ್‌ಗಳು. ಇದು ರೋಗವಲ್ಲ, ಇಲಿಯ ಸಹಜ ಸ್ಥಿತಿ.

ಎರಡನೆಯ ಅಚ್ಚರಿ ನ್ಯೂಟ್ರೊಫಿಲ್‌ನದು. ಇಲಿಯಲ್ಲಿ ಅದರ ಕೇಂದ್ರ ಅನೇಕ ವೇಳೆ ನಮ್ಮ ಕೋಡುಬಳೆಯಂತೆ ಉಂಗುರವಾಗಿರುತ್ತದೆ. ಮೂಳೆಯ ಮಜ್ಜೆಯಲ್ಲಿ ಕಣ ಬೆಳೆಯುವಾಗ ದುಂಡು ಕೇಂದ್ರದ ನಡುವೆ ಸಣ್ಣ ತೂತು ಮೂಡುತ್ತದೆ. ತೂತು ಹಿಗ್ಗಿದಂತೆ ಉಂಗುರ ತೆಳುವಾಗುತ್ತದೆ. ಮುಂದೆ ಅದು ತಿರುಚಿಕೊಂಡು, ಅಲ್ಲಲ್ಲಿ ಹಿಸುಕಿದಂತಾಗಿ ಹಾಲೆಗಳ ರೂಪ ಪಡೆಯುತ್ತದೆ. ಆದ್ದರಿಂದ ದಪ್ಪ ಉಂಗುರ, ಸಣ್ಣ ತೂತು ಕಂಡರೆ ಕಣ ಇನ್ನೂ ಎಳೆಯದಿರಬಹುದು.

ಹಾಗಾದರೆ ಉಂಗುರ ಕಂಡೊಡನೆ ನ್ಯೂಟ್ರೊಫಿಲ್ ಎಂದು ಬರೆದುಬಿಡಬಹುದೇ? ಬಾರದು. ಇಲಿಯ ಇಯೊಸಿನೊಫಿಲ್‌ನಲ್ಲೂ ಉಂಗುರವಿರುತ್ತದೆ. ಅದನ್ನು ಗುರುತಿಸಲು ಕೇಂದ್ರದ ಹೊರಗಿನ ಕಿತ್ತಳೆಗೆಂಪು ಹರಳುಗಳನ್ನು ನೋಡಬೇಕು. ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಮಾನೊಸೈಟ್‌ಗಳಲ್ಲೂ ಅವುಗಳ ಎಳೆಯ ರೂಪಗಳಲ್ಲೂ ಉಂಗುರಾಕಾರದ ಕೇಂದ್ರ ಇರಬಲ್ಲದು ಎಂದು 1999ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬ್ಯಾಕ್ಟೀರಿಯಾ ನುಗ್ಗಿದಲ್ಲಿಗೆ ನ್ಯೂಟ್ರೊಫಿಲ್ ಮೊದಲು ಧಾವಿಸುತ್ತದೆ. ಮಾನೊಸೈಟ್ ಅಂಗಾಂಶಕ್ಕೆ ಹೋಗಿ ಮ್ಯಾಕ್ರೊಫೇಜ್ ಆಗುತ್ತದೆ. ಇವೆರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಉರಿಯೂತದ ಕಥೆಯೇ ಬದಲಾಗುತ್ತದೆ. ಅದಕ್ಕೇ ಸಂಶಯ ಬಂದಾಗ, ಕಣದ ಮೇಲ್ಮೈಯ ಗುರುತುಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸಿ ಖಚಿತ ಮಾಡಿಕೊಳ್ಳುತ್ತಾರೆ.

ಆಕಾರ ಒಳ್ಳೆಯ ಸುಳಿವು, ಆದರೆ ಅದೊಂದೇ ತೀರ್ಪಲ್ಲ. ಇಲಿ ಎಂದರೆ ಚಿಕ್ಕ ಗಾತ್ರದ ಮನುಷ್ಯನೂ ಅಲ್ಲ. ಮುಂದೆ ನಿಮ್ಮ ಕಾಲೇಜಿನಲ್ಲಿ ರಕ್ತಲೇಪವನ್ನು ನೋಡುವ ಅವಕಾಶ ಸಿಕ್ಕಾಗ ಇದನ್ನು ನೆನಪಿಡಿ: ಕಂಡದ್ದನ್ನು ಮೊದಲು ಚಿತ್ರವಾಗಿ ಬರೆಯಿರಿ, ಹೆಸರನ್ನು ಆಮೇಲೆ ಬರೆಯಿರಿ.