ದೂತನ ಅವಧ್ಯತ್ವವೂ ಆವೇದಕನ ರಕ್ಷಣೆಯೂ

ದೂತನು ಅವಧ್ಯನೆಂಬುದು ಭಾರತೀಯ ರಾಜನೀತಿಯಲ್ಲಿ ಸುಪ್ರಸಿದ್ಧವಾದ ನಿಯಮವು. ಸುಂದರಕಾಂಡದಲ್ಲಿ ವಿಭೀಷಣನು ಇದನ್ನೇ ರಾವಣನಿಗೆ ತಿಳಿಯಹೇಳಿ ಹನುಮಂತನ ಪ್ರಾಣವನ್ನುಳಿಸುತ್ತಾನೆ. ದೂತನಾಡುವುದು ತನ್ನ ಮಾತನ್ನಲ್ಲ, ಕಳುಹಿದವನ ಮಾತನ್ನು. ಆತನ ಬೆಂಬಲಕ್ಕೆ ಒಬ್ಬ ಒಡೆಯನಿರುತ್ತಾನೆ. ಆವೇದಕನಿಗಾದರೋ ಇಂತಹ ಬೆಂಬಲವಿಲ್ಲ. ಪರರಿಂದ ಪೀಡಿತನಾದವನು ಅರಸನಲ್ಲಿ ಬಿನ್ನವಿಸಿಕೊಂಡರೆ ಅದು ವ್ಯವಹಾರಪದವಾಗುವುದೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಪೀಡಿಸುವವನು ಅರಸನೇ ಆದಲ್ಲಿ ಬಿನ್ನಪವನ್ನು ಎಲ್ಲಿಗೆ ಒಯ್ಯತಕ್ಕದ್ದು?

ರಾಷ್ಟ್ರಗಳ ಸಭೆಯಾದ ವಿಶ್ವಸಂಸ್ಥೆಯು ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟಿದೆ. ಮಾನವ ಹಕ್ಕುಗಳ ರಕ್ಷಕರನ್ನು ಕುರಿತು 1998ನೆಯ ಡಿಸೆಂಬರ್ 9ರಂದು ಅಂಗೀಕೃತವಾದ ಘೋಷಣೆಯ 9ನೆಯ ವಿಧಿಯು, ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಅಡ್ಡಿಯಿಲ್ಲದೆ ನಿವೇದಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಉಂಟೆಂದು ಸಾರುತ್ತದೆ. ಆದರೆ ಘೋಷಣೆಯು ಒಪ್ಪಂದದಂತೆ ರಾಷ್ಟ್ರಗಳನ್ನು ಕಟ್ಟಿಹಾಕತಕ್ಕದ್ದಲ್ಲ. ಸ್ತ್ರೀಯರ ವಿಷಯದ ತಾರತಮ್ಯವನ್ನು ನಿವಾರಿಸುವ ಒಡಂಬಡಿಕೆಗೆ 1999ರಲ್ಲಿ ಸೇರಿದ ಐಚ್ಛಿಕ ಪತ್ರದ 11ನೆಯ ವಿಧಿಯಾದರೋ, ದೂರಿತ್ತವರು ಪೀಡೆಗೊಳಗಾಗದಂತೆ ಕಾಯುವ ಹೊಣೆಯನ್ನು ಅದಕ್ಕೆ ಸಮ್ಮತಿಸಿದ ರಾಷ್ಟ್ರಗಳ ಮೇಲೆಯೇ ಹೊರಿಸುತ್ತದೆ.

‘ಪ್ರತೀಕಾರ’ ಶಬ್ದಕ್ಕೆ ಪರಿಹಾರವೆಂದೂ ಹಗೆತೀರಿಸುವಿಕೆಯೆಂದೂ ಎರಡರ್ಥಗಳಿವೆ. ಆವೇದಕನು ಮೊದಲನೆಯದನ್ನರಸಿ ಹೋಗಿ ಎರಡನೆಯದನ್ನು ಪಡೆಯುವುದುಂಟು. ಇದಕ್ಕೆ ಚೀನದೇಶದ ತ್ಸಾವ್ ಷುನ್‌ಲೀ ಎಂಬಾಕೆಯ ವೃತ್ತಾಂತವು ನಿದರ್ಶನವಾಗಿದೆ. ತನ್ನ ದೇಶದ ಮಾನವ ಹಕ್ಕುಗಳ ಸ್ಥಿತಿಯನ್ನು ಕುರಿತು ಸರಕಾರವು ಸಲ್ಲಿಸುವ ವರದಿಯಲ್ಲಿ ಪ್ರಜೆಗಳ ಮಾತಿಗೂ ಎಡೆಯಿರಬೇಕೆಂದು ಆಕೆ ಆಗ್ರಹಿಸಿದ್ದಳು. 2013ನೆಯ ಸೆಪ್ಟೆಂಬರಿನಲ್ಲಿ ಜಿನೀವಾಕ್ಕೆ ಹೊರಟಾಗ ಬೀಜಿಂಗಿನ ವಿಮಾನನಿಲ್ದಾಣದಲ್ಲಿ ಆಕೆಯನ್ನು ತಡೆದು ಸೆರೆಹಿಡಿದರು. ಸೆರೆಯಲ್ಲಿ ರೋಗವು ಉಲ್ಬಣಿಸಿ, 2014ನೆಯ ಮಾರ್ಚ್ 14ರಂದು ಆಸ್ಪತ್ರೆಯಲ್ಲಿ ಮೃತಳಾದಳು. ಆರು ದಿನಗಳ ತರುವಾಯ ಮಾನವ ಹಕ್ಕುಗಳ ಪರಿಷತ್ತಿನಲ್ಲಿ ಆಕೆಯ ಸ್ಮರಣಾರ್ಥವಾಗಿ ಕ್ಷಣಕಾಲ ಮೌನವನ್ನು ಬೇಡಿದಾಗ ಚೀನವು ಆಕ್ಷೇಪಿಸಿತು. ಚೀನವು ಆಗ ಆ ಪರಿಷತ್ತಿನ ಸದಸ್ಯರಾಷ್ಟ್ರವೂ ಆಗಿದ್ದಿತು. ದೀರ್ಘವಾದವು ನಡೆದು, ಮತಗಣನೆಯಲ್ಲಿ ಆಕ್ಷೇಪದ ಪಕ್ಷವೇ ಗೆದ್ದಿತು. ಆದರೂ ಸಭೆಯಲ್ಲಿದ್ದ ಸಂಘಗಳ ಪ್ರತಿನಿಧಿಗಳು ಮೌನವಾಗಿ ಎದ್ದುನಿಂತರು.

ಪ್ರತೀಕಾರವು ಯಾವಾಗಲೂ ಮರಣಾಂತವಾಗಿರುವುದಿಲ್ಲ. ದೂತನಿಗೆ ವಧೆಯೊಂದನ್ನುಳಿದು ಬೇರೆ ದಂಡನೆಗಳುಂಟೆಂದು ವಿಭೀಷಣನೇ ಒಪ್ಪಿದ್ದರಿಂದ ಹನುಮಂತನ ಬಾಲಕ್ಕೆ ಬೆಂಕಿ ಬಿದ್ದಿತು. ಹಾಗೆಯೇ ಪ್ರಯಾಣನಿಷೇಧ, ಸುಳ್ಳು ಮೊಕದ್ದಮೆ, ಅಪನಿಂದೆ, ಬಂಧುಗಳ ಪೀಡನೆ ಎಂಬ ಕಿರಿಯ ದಂಡನೆಗಳು ಇಂದು ಪ್ರಯೋಗದಲ್ಲಿವೆ. ಇಂತಹ ಪ್ರಸಂಗಗಳನ್ನು ಮಹಾಕಾರ್ಯದರ್ಶಿಯು ವರ್ಷಂಪ್ರತಿ ವರದಿಮಾಡುವ ಪದ್ಧತಿಯುಂಟು. 2016ರಲ್ಲಿ ಈ ಕಾರ್ಯದ ನೇತೃತ್ವವನ್ನು ಒಬ್ಬ ಸಹಾಯಕ ಮಹಾಕಾರ್ಯದರ್ಶಿಗೆ ಒಪ್ಪಿಸಲಾಯಿತು. ಆದರೂ ವರದಿಯು ಸೆರೆಯ ಬಾಗಿಲನ್ನು ತೆರೆಯಲಾರದು.

ಇಷ್ಟರಿಂದ ಒಂದು ತತ್ತ್ವವು ಸಿದ್ಧವಾಗುತ್ತದೆ. ದೂತನಿಗೆ ಕಳುಹಿದವನೇ ರಕ್ಷೆ. ಆವೇದಕನಿಗೆ ಕೇಳುವವನೇ ರಕ್ಷೆಯಾಗಬೇಕು. ಬಿನ್ನಪಕ್ಕೆ ಬಾಗಿಲನ್ನು ತೆರೆದಿಟ್ಟ ಸಭೆಯು ಬಂದವನ ಹಿಂದಿರುಗುವ ದಾರಿಯನ್ನೂ ಕಾಯತಕ್ಕದ್ದು. ಹಾಗಲ್ಲದಿದ್ದರೆ ನಿರ್ಭಯರ ಮಾತು ಮಾತ್ರವೇ ಸಭೆಗೆ ಮುಟ್ಟೀತು. ಪೀಡಿತರ ಮಾತು ಮುಟ್ಟಲಾರದು.