ನೌಬಾದಿನ ಕರೇಜ್: ನೆಲದಡಿಯ ನೀರದಾರಿ

ಎತ್ತು, ಎಣ್ಣೆಗಳ ಹಂಗಿಲ್ಲದೆ ನಿಸರ್ಗಬಲದಿಂದಲೇ ದುಡಿಯುವ ಎರಡು ಸಾಧನಗಳು ಪರ್ಷಿಯಾದಲ್ಲಿ ಬೆಳೆದವು. ಒಂದು, ಖುರಾಸಾನದ ನಷ್ತಿಫಾನ್ ಗ್ರಾಮದಲ್ಲಿ ಇಂದಿಗೂ ನಿಂತಿರುವಂತಹ ಗಾಳಿಗಿರಣಿ. ಇನ್ನೊಂದು, ಅಂತರ್ಜಲವನ್ನು ಇಳಿಜಾರಿನಿಂದಲೇ ಊರಿಗೆ ಹರಿಸುವ ಕರೇಜ್. ಎರಡನೆಯದು 15ನೆಯ ಶತಮಾನದಲ್ಲಿ, ಬಹಮನಿ ಅರಸರ ಕಾಲಕ್ಕೆ, ಬೀದರಿಗೆ ಬಂದಿತು. ಜಹೀರಾಬಾದ್, ನಾರಾಯಣಖೇಡದ ಮಕ್ಕಳಿಗೆ ಇದು ಪರರಾಜ್ಯದ ಸಂಗತಿಯಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿಯೇ ಇದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆ ಗುಲಬರ್ಗಾದಿಂದಲೇ ಬಹಮನಿ ರಾಜಧಾನಿ ಬೀದರಿಗೆ ಸ್ಥಳಾಂತರಗೊಂಡದ್ದು.

ಬೀದರಿನ ನೆಲದ ರಚನೆಯನ್ನು ಅರಿತರೆ ಕರೇಜ್ ಅರ್ಥವಾಗುತ್ತದೆ. ಮೇಲೆ ರಂಧ್ರಮಯವಾದ ಕೆಂಪು ಜಂಬಿಟ್ಟಿಗೆ. ಮಳೆನೀರು ಅದರೊಳಗೆ ಸುಲಭವಾಗಿ ಇಂಗುತ್ತದೆ. ಕೆಳಗಿನ ಕರಿಶಿಲೆ ಆ ನೀರನ್ನು ತಡೆದು ನಿಲ್ಲಿಸುತ್ತದೆ. ಎರಡರ ನಡುವೆ ಕೂಡಿದ ನೀರನ್ನು ಹಿಡಿಯಲು ತಾಯಿಬಾವಿ ತೋಡಿ, ಅಲ್ಲಿಂದ ತೀರ ಅಲ್ಪ ಇಳಿಜಾರಿನ ಸುರಂಗ ಕೊರೆದರು. ಇಳಿಜಾರು ಮಿತಿಮೀರಿದರೆ ನೀರು ಸುರಂಗವನ್ನೇ ಕೊರೆಯುತ್ತದೆ. ಸಾಲದಾದರೆ ಹೂಳು ನಿಲ್ಲುತ್ತದೆ. ನೌಬಾದಿನ ಸುರಂಗವು 2 ಕಿ.ಮೀ.ಗೂ ಹೆಚ್ಚು ಉದ್ದವಿದ್ದು, ಅದರ ಮೇಲೆ ಬಾವಿಯಂತಹ 20ಕ್ಕೂ ಹೆಚ್ಚು ಕಂಡಿಗಳಿವೆ. ಅಗೆದ ಮಣ್ಣು ಮೇಲೇರಿದ್ದು, ಒಳಗೆ ದುಡಿದವರಿಗೆ ಗಾಳಿ ದೊರೆತದ್ದು ಈ ಕಂಡಿಗಳಿಂದಲೇ. ಹೂಳು ತೆಗೆಯುವುದಕ್ಕೂ ಇವೇ ದಾರಿ. (ಕಾಸರಗೋಡಿನ ತೋಟಗಳಲ್ಲಿ ಗುಡ್ಡದ ಮಗ್ಗುಲಿಗೆ ಕೊರೆದ ಸುರಂಗಗಳೂ ಇಳಿಜಾರನ್ನೇ ನೆಚ್ಚಿವೆ, ಅವು ಬಹುಮಟ್ಟಿಗೆ ಒಂದೊಂದು ಮನೆತನದವು, ಇದು ಊರಿನದು.)

ಕಂಡಿ ಮುಚ್ಚಿದರೆ ಕರೇಜ್ ಉಸಿರುಗಟ್ಟುತ್ತದೆ. ನೌಬಾದಿನಲ್ಲಿ ನಡೆದದ್ದೂ ಅದೇ; ಕಸ, ಮಣ್ಣು ತುಂಬಿ ಕೆಲವು ಕಂಡಿಗಳ ಗುರುತೇ ಅಳಿಯಿತು. ಕೇರಳದ ಭೂಗೋಳ ಅಧ್ಯಾಪಕ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಅವರು ಸುರಂಗದ ಜಾಡು ಹಿಡಿದು ನಕ್ಷೆ ರಚಿಸಿದರು. ಐತಿಹಾಸಿಕ ಬೀದರ್ ನಗರವು 2014ರಲ್ಲಿ ವಿಶ್ವ ಸ್ಮಾರಕ ನಿಧಿಯ ಗಮನಪಟ್ಟಿಗೆ ಸೇರಿತು. ಆನಂತರದ ವರ್ಷಗಳಲ್ಲಿ ಜಿಲ್ಲಾಡಳಿತವು ಕಂಡಿಗಳನ್ನು ತೆರೆಸಿ ಹೂಳೆತ್ತಿಸಿತು.

ಹೂಳೆತ್ತಿದ್ದು ಅರ್ಧ ಕೆಲಸ ಮಾತ್ರವೆಂದು ನಾವು ಭಾವಿಸುತ್ತೇವೆ. ನೀರು ಇಂಗುವ ನೆಲವನ್ನು ಕಾಂಕ್ರೀಟು ಮುಚ್ಚಿದರೆ, ಅದೇ ಪದರದ ನೀರನ್ನು ಕೊಳವೆಬಾವಿಗಳು ಹೀರಿದರೆ, ಸುರಂಗ ಸ್ವಚ್ಛವಾಗಿದ್ದರೂ ಬತ್ತೀತು. ಜಹೀರಾಬಾದಿನ ಸುತ್ತಲೂ ಇರುವುದು ಇದೇ ಕೆಂಪು ನೆಲ. ನಮ್ಮ ಬಾವಿಗಳಿಗೂ ಈ ಲೆಕ್ಕ ತಪ್ಪಿದ್ದಲ್ಲ. ಮಕ್ಕಳನ್ನು ನೌಬಾದಿಗೆ ಕರೆದೊಯ್ಯುವ ಪಾಲಕರು ಮೊದಲು ಕಂಡಿಗಳ ಸಾಲನ್ನು ತೋರಿಸಲಿ. ಕಾಣದ ಸುರಂಗ ಯಾವ ದಿಕ್ಕಿಗೆ ಸಾಗಿದೆಯೆಂಬುದನ್ನು ಆ ಸಾಲನ್ನು ನೋಡಿ ಮಕ್ಕಳೇ ಹೇಳಬಲ್ಲರು.